ಹಬ್ಬದ ಹೊಣೆ: ನೇಪಾಳದ ವರ್ಷಚಕ್ರ, ಜಾತ್ರೆ ಮತ್ತು ಗುಠಿ



ಈ ವರ್ಷದ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದಿದ್ದೀರಿ. ವಿಷಯವನ್ನು ನನ್ನ ಆಯ್ಕೆಗೇ ಬಿಟ್ಟಿದ್ದಿರಿ. ನಾನು ನೇಪಾಳದ ಹಬ್ಬಗಳನ್ನು ಆರಿಸಿಕೊಂಡೆ. ಅದಕ್ಕೆ ಕಾರಣವಿದೆ. ಯಾರೋ ಒಬ್ಬರು ತಮ್ಮ ಗಳಿಕೆಯ ಒಂದು ಪಾಲನ್ನು ತೆಗೆದಿರಿಸಿ, ಅದರ ಹುಟ್ಟುವಳಿಯಿಂದ ವರ್ಷಕ್ಕೊಮ್ಮೆ ಒಂದು ಒಳ್ಳೆಯ ಕಾರ್ಯ ತಪ್ಪದೆ ನಡೆಯಲಿ ಎಂದು ಬಯಸಿದ್ದರಿಂದ ನಾವು ಇಂದು ಇಲ್ಲಿ ಸೇರಿದ್ದೇವೆ. ಇಂಥದೇ ಏರ್ಪಾಟಿನ ಮೇಲೆ ಒಂದು ಕಣಿವೆಯ ಹಬ್ಬದ ಬದುಕೆಲ್ಲ ಶತಮಾನಗಳಿಂದ ನಿಂತಿದೆ. ಅದು ಕಾಠ್ಮಂಡು ಕಣಿವೆ. ಆ ಏರ್ಪಾಟಿಗೆ ಅಲ್ಲಿ ಗುಠಿ ಎನ್ನುತ್ತಾರೆ.

ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು. ಹಬ್ಬ ಭಕ್ತಿಯಿಂದ ಹುಟ್ಟಬಹುದು, ಆದರೆ ಹೊಣೆಯಿಂದ ಉಳಿಯುತ್ತದೆ. ತೇರಿಗೆ ಮರ ಕಡಿಯುವವರು ಯಾರು, ಹಗ್ಗ ಹೊಸೆಯುವವರು ಯಾರು, ಅವರ ಊಟಕ್ಕೆ ಅಕ್ಕಿ ಯಾವ ಗದ್ದೆಯಿಂದ ಬರಬೇಕು ಎಂಬುದೆಲ್ಲ ಗೊತ್ತಾಗಿರುವ ಊರಿನಲ್ಲಿ ಅರಸರು ಹೋದರೂ ಹಬ್ಬ ನಿಲ್ಲುವುದಿಲ್ಲ. ನೇಪಾಳದ ವರ್ಷಚಕ್ರವನ್ನು ಈ ಕಣ್ಣಿನಿಂದ ನೋಡೋಣ.

1. ನಾಡು ಮತ್ತು ಪಂಚಾಂಗ

ನೇಪಾಳದ ಜನಸಂಖ್ಯೆ ಮೂರು ಕೋಟಿಯ ಹತ್ತಿರ. 2021ರ ಜನಗಣತಿಯಲ್ಲಿ 142 ಜಾತಿ-ಜನಾಂಗಗಳೂ 124 ಮಾತೃಭಾಷೆಗಳೂ ದಾಖಲಾದವು. ಭಾರತದ ಗಡಿಗೆ ತಾಗಿದ ತರಾಯಿ ಬಯಲು, ನಡುವಿನ ಬೆಟ್ಟಸಾಲು, ಉತ್ತರದ ಹಿಮಪರ್ವತ, ಈ ಮೂರು ಬಗೆಯ ನೆಲದಲ್ಲಿ ಮೂರು ಬಗೆಯ ಬೇಸಾಯ, ಅದಕ್ಕೆ ತಕ್ಕ ಹಬ್ಬಗಳು. ಹೀಗಾಗಿ ನೇಪಾಳದ ಹಬ್ಬಗಳು ಎಂದಾಗ ಎಲ್ಲರೂ ಆಚರಿಸುವ ಒಂದೇ ಪಟ್ಟಿ ಸಿಗುವುದಿಲ್ಲ.

ಅಲ್ಲಿನ ಅಧಿಕೃತ ಪಂಚಾಂಗ ವಿಕ್ರಮ ಸಂವತ್. ಅದರ ಹೊಸ ವರ್ಷ ಏಪ್ರಿಲ್ ನಡುವೆ, ಸೌರಮಾನ ವೈಶಾಖದ ಮೊದಲ ದಿನ ಬರುತ್ತದೆ. ಹಬ್ಬಗಳಿಗೆ ಮಾತ್ರ ಚಾಂದ್ರಮಾನದ ತಿಥಿಯೇ ಆಧಾರ. ಆ ಲೆಕ್ಕದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ ಮುಗಿಯುತ್ತದೆ. ನಾವು ಮಾಘ ಬಹುಳದಲ್ಲಿ ಮಾಡುವ ಶಿವರಾತ್ರಿ ಅವರಿಗೆ ಫಾಲ್ಗುನದ್ದಾಗುವುದು ಇದರಿಂದಲೇ. ದಿನ ಒಂದೇ, ತಿಂಗಳ ಹೆಸರು ಬೇರೆ. ಇದಲ್ಲದೆ ಕಣಿವೆಯ ನೇವಾರರಿಗೆ ಕ್ರಿ.ಶ. 879ರಲ್ಲಿ ಆರಂಭವಾದ ನೇಪಾಳ ಸಂವತ್ ಇದೆ. ಅದರ ಹೊಸ ವರ್ಷ ದೀಪಾವಳಿಯ ಮರುದಿನ. ಊರವರೆಲ್ಲರ ಸಾಲವನ್ನು ತೀರಿಸಿ ಆ ಶಕೆಯನ್ನು ಆರಂಭಿಸಿದವನು ಶಂಖಧರ ಸಾಖ್ವಾ ಎಂಬ ವ್ಯಾಪಾರಿ ಎಂದು ಐತಿಹ್ಯ. ರಾಜ್ಯ ಗೆದ್ದ ನೆನಪಿಗಲ್ಲದೆ ಜನರ ಋಣ ಹರಿದ ನೆನಪಿಗೆ ಶಕೆ ನಿಂತಿರುವುದು ನನಗೆ ದೊಡ್ಡ ಮಾತಾಗಿ ಕಾಣುತ್ತದೆ.

ವರ್ಷದ ಬಾಗಿಲು ತೆರೆಯುವುದು ಭಕ್ತಪುರದ ಬಿಸ್ಕೆಟ್ ಜಾತ್ರೆಯಿಂದ. ಭೈರವನ ತೇರನ್ನು ಮೇಲಿನ ಕೇರಿಯವರು ಒಂದು ಕಡೆಗೆ, ಕೆಳಗಿನ ಕೇರಿಯವರು ಇನ್ನೊಂದು ಕಡೆಗೆ ಜಗ್ಗುತ್ತಾರೆ. ಹಳೆಯ ವರ್ಷದ ಕೊನೆಯ ದಿನ ಎತ್ತರದ ಮರದ ಕಂಬವನ್ನು ನಿಲ್ಲಿಸಿ, ಹೊಸ ವರ್ಷದ ದಿನ ಕೆಡವುತ್ತಾರೆ. ಕಂಬ ಉರುಳಿದ ಮೇಲೆಯೇ ಆ ಊರಿಗೆ ಹೊಸ ವರ್ಷ. ಅದೇ ತಿಂಗಳ ಅಮಾವಾಸ್ಯೆ ತಾಯಂದಿರಿಗೆ ಮೀಸಲು. ತಾಯಿ ಇರುವವರು ಸಿಹಿ ಒಯ್ದು ಮುಖ ನೋಡಿ ಬರುತ್ತಾರೆ, ತಾಯಿ ಇಲ್ಲದವರು ಕಾಠ್ಮಂಡುವಿನ ಮಾತಾತೀರ್ಥದಲ್ಲಿ ಮಿಂದು ತರ್ಪಣ ಬಿಡುತ್ತಾರೆ. ಹುಣ್ಣಿಮೆಯಂದು ಬುದ್ಧ ಜಯಂತಿ. ಬುದ್ಧ ಹುಟ್ಟಿದ ಲುಂಬಿನಿ ಇರುವುದು ಇದೇ ದೇಶದ ತರಾಯಿಯಲ್ಲಿ.

2. ಮಳೆ ತರುವ ದೇವರು

ಹೊಣೆಯ ಹಂಚಿಕೆ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ತಿಳಿಯಬೇಕಾದರೆ ಪಾಟನ್ ನಗರದ ರಾತೊ ಮಚ್ಛಿಂದ್ರನಾಥನ ತೇರನ್ನು ನೋಡಬೇಕು. ಮುಂಗಾರಿಗೆ ಮುಂಚೆ ಹೊರಡುವ ಈ ತೇರು ತಿಂಗಳಿಗೂ ಹೆಚ್ಚು ಕಾಲ ಊರು ಸುತ್ತುತ್ತದೆ. ದೇವರು ಅರ್ಧ ವರ್ಷ ಪಾಟನ್ನಿನಲ್ಲಿ, ಅರ್ಧ ವರ್ಷ ಬುಂಗಮತಿ ಎಂಬ ಹಳ್ಳಿಯಲ್ಲಿ ಇರುತ್ತಾನೆ. ಹಿಂದೂಗಳು ಅವನನ್ನು ನಾಥಪಂಥದ ಮತ್ಸ್ಯೇಂದ್ರನಾಥ ಎಂದು ಪೂಜಿಸುತ್ತಾರೆ. ಬೌದ್ಧರಿಗೆ ಅವನು ಕರುಣಾಮಯ ಅವಲೋಕಿತೇಶ್ವರ. ನೇವಾರ ರೈತರಿಗೆ ಅವನು ಬುಂಗ ದ್ಯಃ, ಬುಂಗಮತಿಯ ದೇವರು. ಮೂರ್ತಿ ಒಂದೇ, ಪೂಜಾರಿಗಳು ಬೌದ್ಧ ಮನೆತನದವರು, ಹಗ್ಗ ಹಿಡಿಯುವವರು ಎಲ್ಲರೂ.

ಕನ್ನಡಿಗರಿಗೆ ಇದು ತೀರಾ ಅಪರಿಚಿತವಲ್ಲ. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮನ ಕಾಲದ, 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಅಲ್ಲೇ ಗುಡ್ಡದ ಮೇಲೆ ನಾಥಪಂಥದ ಜೋಗಿ ಮಠವೂ ಇದೆ. ಲೋಕೇಶ್ವರ ಮತ್ತು ಮತ್ಸ್ಯೇಂದ್ರನಾಥ ಒಂದೇ ನೆಲದಲ್ಲಿ ಕೂಡಿದ ಕಥೆ ಕರಾವಳಿಯಲ್ಲೂ ನಡೆದಿದೆ, ಹಿಮಾಲಯದ ಕಣಿವೆಯಲ್ಲೂ ನಡೆದಿದೆ.

ಐತಿಹ್ಯ ಹೀಗಿದೆ. ಗೋರಖನಾಥ ಮಳೆ ತರುವ ನಾಗರನ್ನು ಹಿಡಿದು ಅವರ ಮೇಲೆ ಧ್ಯಾನಕ್ಕೆ ಕುಳಿತುಬಿಟ್ಟ. ಹನ್ನೆರಡು ವರ್ಷ ಬರಗಾಲ ಬಂತು. ಗುರುವಾದ ಮಚ್ಛಿಂದ್ರನಾಥ ಬಂದರೆ ಶಿಷ್ಯ ಏಳಲೇಬೇಕು. ಆ ಗುರುವನ್ನು ಕಾಮರೂಪದಿಂದ ಕರೆತರಲು ನರೇಂದ್ರದೇವನೆಂಬ ಅರಸ, ಬಂಧುದತ್ತನೆಂಬ ತಾಂತ್ರಿಕ ಆಚಾರ್ಯ ಮತ್ತು ಒಬ್ಬ ರೈತ ಹೊರಟರು. ಅರಸನೊಬ್ಬನೇ ಹೋಗಲಿಲ್ಲ, ಆಚಾರ್ಯನೊಬ್ಬನೇ ಹೋಗಲಿಲ್ಲ. ಮಳೆ ಬೇಕಾದವನು ರೈತ, ಅವನೂ ಹೋದ. ಹಬ್ಬದ ಹೊಣೆಯನ್ನು ಮೂವರ ಹೆಗಲಿಗೂ ಹಾಕುವ ತೀರ್ಮಾನ ಆ ಕಥೆಯೊಳಗೇ ಇದೆ.

ತೇರು ಸುಮಾರು 60 ಅಡಿ ಎತ್ತರ. ಮರದ ಚೌಕಟ್ಟು, ಅದರ ಮೇಲೆ ಬೆತ್ತದಿಂದ ಕಟ್ಟಿದ ಗೋಪುರ. ಮರಗೆಲಸ ಬಾರಾಹಿ ಮನೆತನಗಳದು. ಬೆತ್ತ ಮತ್ತು ಹಗ್ಗದ ಕಟ್ಟು ಯಂಗ್ವಾಲ್ ಮನೆತನಗಳದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಅಷ್ಟು ಎತ್ತರದ ತೇರು ಇಕ್ಕಟ್ಟಿನ ಬೀದಿಯಲ್ಲಿ ಓಲಾಡುತ್ತ ಬರುವಾಗ ಗಾಲಿಗೆ ಮರದ ತುಂಡು ಕೊಟ್ಟು ತಡೆಯುವವರದೇ ಒಂದು ಗುಂಪು. ಅವರು ಕ್ಷಣ ತಡಮಾಡಿದರೆ ತೇರು ಮನೆಯ ಮೇಲೆ ಬೀಳುತ್ತದೆ. ಎಳೆಯುವವರಿಗೆ ತಾಳ ಹಿಡಿಸಲು ಮುಂದಿನ ತೊಲೆಯ ಮೇಲೆ ನಿಂತು ಕೂಗುವವರದು ಇನ್ನೊಂದು ಗುಂಪು. ದಾರಿಯ ಒಂದು ಹಂತದಲ್ಲಿ ಹೆಂಗಸರೇ ತೇರು ಎಳೆಯುತ್ತಾರೆ. ತೇರು ವಾಲಿದರೆ ನಾಡಿಗೆ ಕೇಡು ಎಂಬ ನಂಬಿಕೆಯಿದೆ, ಹೀಗಾಗಿ ಗಂಟು ಬಿಗಿಯುವವನ ಕೈಯಲ್ಲಿ ನಾಡಿನ ಕ್ಷೇಮವೇ ಇದ್ದಂತೆ.

ತೇರಿನ ಕೊನೆಯ ನಿಲುಗಡೆ ಜಾವಲಾಖೇಲ್ ಬಯಲು. ಅಲ್ಲಿ ಭೋಟೊ ಜಾತ್ರೆ. ಭೋಟೊ ಎಂದರೆ ಮೈಗೆ ತೊಡುವ ಸಣ್ಣ ಅಂಗಿ. ಕಾರ್ಕೋಟಕ ನಾಗನ ಹೆಂಡತಿಯ ಕಣ್ಣುಬೇನೆಯನ್ನು ಒಬ್ಬ ರೈತ ವಾಸಿ ಮಾಡಿದ, ನಾಗ ಅವನಿಗೆ ರತ್ನಖಚಿತ ಅಂಗಿಯನ್ನು ಕೊಟ್ಟ. ಅದನ್ನು ಭೂತವೊಂದು ಕದಿಯಿತು. ತೇರಿನ ಸಂದಣಿಯಲ್ಲಿ ಇಬ್ಬರೂ ಎದುರಾದರು, ಅಂಗಿ ನನ್ನದು ತನ್ನದು ಎಂದು ಜಗಳವಾಯಿತು. ಯಾರ ಬಳಿಯೂ ಸಾಕ್ಷಿ ಇರಲಿಲ್ಲ. ಸಾಕ್ಷಿ ಸಿಗುವವರೆಗೆ ಅಂಗಿ ದೇವರ ವಶದಲ್ಲಿರಲಿ ಎಂದು ತೀರ್ಪಾಯಿತು. ಅಂದಿನಿಂದ ಪ್ರತಿ ವರ್ಷ ತೇರಿನ ನಾಲ್ಕೂ ದಿಕ್ಕಿಗೆ ಅಂಗಿಯನ್ನು ಎತ್ತಿ ಜನಕ್ಕೆ ತೋರಿಸುತ್ತಾರೆ. ಹಿಂದೆ ಇದಕ್ಕೆ ದೊರೆ ಬರುತ್ತಿದ್ದ, ಈಗ ರಾಷ್ಟ್ರಪತಿ ಬರುತ್ತಾರೆ. ಇನ್ನೊಬ್ಬರ ವಸ್ತು ನಮ್ಮ ವಶದಲ್ಲಿದೆ, ಅದು ಹಾಗೇ ಇದೆ ನೋಡಿ ಎಂದು ನಾಡಿನ ಹಿರಿಯ ಅಧಿಕಾರಸ್ಥರ ಎದುರಿನಲ್ಲಿ ವರ್ಷವರ್ಷವೂ ಜನರಿಗೆ ಲೆಕ್ಕ ಒಪ್ಪಿಸುವ ಹಬ್ಬ ಇದು. ಸಾರ್ವಜನಿಕ ಸ್ವತ್ತನ್ನು ಕಾಯುವವರೆಲ್ಲ ಒಮ್ಮೆ ನೋಡಿ ಬರಬೇಕಾದ ಹಬ್ಬ.

ಹನ್ನೆರಡು ವರ್ಷಕ್ಕೊಮ್ಮೆ ಈ ತೇರನ್ನು ಬುಂಗಮತಿಯಲ್ಲೇ ಕಟ್ಟಿ ಅಲ್ಲಿಂದ ಪಾಟನ್ನಿಗೆ ಎಳೆದು ತರುತ್ತಾರೆ. 2015 ಅಂಥ ವರ್ಷ. ತೇರು ಹೊರಟ ಕೆಲವೇ ದಿನಗಳಲ್ಲಿ, ಏಪ್ರಿಲ್ 25ರಂದು, 7.8ರ ತೀವ್ರತೆಯ ಭೂಕಂಪವಾಯಿತು. ಸುಮಾರು 9,000 ಜನ ಸತ್ತರು. ಬುಂಗಮತಿಯ ದೇಗುಲ ನೆಲಕ್ಕುರುಳಿತು. ತೇರು ದಾರಿಯಲ್ಲೇ ನಿಂತಿತು. ಮನೆ ಕಳೆದುಕೊಂಡ ಜನರೇ ತಿಂಗಳುಗಳ ಮೇಲೆ ಅದನ್ನು ಮತ್ತೆ ಎಳೆದು ಜಾತ್ರೆಯನ್ನು ಮುಗಿಸಿದರು.

3. ನೋವಿಗೂ ಒಂದು ಬೀದಿ

ಆಷಾಢದ 15ನೇ ದಿನ ನಾಟಿಯ ಹಬ್ಬ. ಕೆಸರಿನಲ್ಲಿ ಹಾಡಿ ಕುಣಿದು ನಾಟಿ ಮಾಡಿ, ಮೊಸರು ಅವಲಕ್ಕಿ ತಿನ್ನುತ್ತಾರೆ. ಶ್ರಾವಣದ ಹುಣ್ಣಿಮೆಗೆ ಜನಿವಾರ, ಕೈಗೆ ರಕ್ಷೆ. ಅಂದು ನೇವಾರರ ಮನೆಗಳಲ್ಲಿ ಒಂಬತ್ತು ಬಗೆಯ ಮೊಳಕೆ ಕಾಳಿನ ಕ್ವಾಟಿ ಎಂಬ ಸಾರು ಕುದಿಯುತ್ತದೆ. ನಾಟಿಯಲ್ಲಿ ದಣಿದ ಮೈಗೆ ಅದು ಬಲ ಕೊಡುತ್ತದೆ ಎನ್ನುತ್ತಾರೆ. 4,380 ಮೀಟರ್ ಎತ್ತರದ ಗೋಸಾಯಿಕುಂಡ ಸರೋವರಕ್ಕೆ ಯಾತ್ರಿಕರು ಅಂದೇ ತಲುಪಿ ಮುಳುಗು ಹಾಕುತ್ತಾರೆ.

ಮರುದಿನ ಗಾಯಿಜಾತ್ರೆ. ಆ ವರ್ಷ ಸಾವು ಕಂಡ ಪ್ರತಿ ಮನೆಯವರೂ ಹಸುವನ್ನೋ, ಹಸುವಿನ ವೇಷ ತೊಟ್ಟ ಮಗುವನ್ನೋ ಮುಂದೆ ಮಾಡಿಕೊಂಡು ಊರಿನ ಬೀದಿಗಳಲ್ಲಿ ಮೆರವಣಿಗೆ ಹೋಗಬೇಕು. ಭಕ್ತಪುರದಲ್ಲಿ ಬಿದಿರಿನ ಎತ್ತರದ ಚೌಕಟ್ಟಿಗೆ ಬಟ್ಟೆ ಸುತ್ತಿ, ಸತ್ತವರ ಚಿತ್ರ ಕಟ್ಟಿ ಹೊರುತ್ತಾರೆ. 17ನೇ ಶತಮಾನದಲ್ಲಿ ಪ್ರತಾಪ ಮಲ್ಲನೆಂಬ ಅರಸನ ಮಗ ತೀರಿಕೊಂಡ, ರಾಣಿಯ ಅಳು ನಿಲ್ಲಲಿಲ್ಲ. ಸಾವು ಕಂಡ ಮನೆಯವರೆಲ್ಲ ಅರಮನೆಯ ಮುಂದೆ ಹಾದು ಹೋಗಲಿ, ರಾಣಿಯನ್ನು ನಗಿಸಲಿ ಎಂದು ಅರಸ ಅಪ್ಪಣೆ ಮಾಡಿದನಂತೆ. ತನ್ನಂತೆ ಎಷ್ಟು ತಾಯಂದಿರು ಇದ್ದಾರೆಂದು ರಾಣಿ ಕಂಡಳು. ಅಂದಿನಿಂದ ಈ ಹಬ್ಬಕ್ಕೆ ಅಣಕ, ವೇಷ, ವಿಡಂಬನೆ ಸೇರಿದವು. ಆಳುವವರನ್ನು ಗೇಲಿ ಮಾಡಲು ಆ ದಿನ ಅವಕಾಶವಿದೆ. 1960ರಿಂದ 1990ರವರೆಗಿನ ಪಂಚಾಯತ್ ಆಡಳಿತದಲ್ಲಿ, ಪಕ್ಷಗಳಿಗೆ ನಿಷೇಧವಿದ್ದಾಗ, ಗಾಯಿಜಾತ್ರೆಯ ವಿಡಂಬನೆ ಜನರ ಬಾಯಿಗೆ ಸಿಕ್ಕ ಕಿಂಡಿಯಾಗಿತ್ತು. ಈಚಿನ ವರ್ಷಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತರೂ ಇದೇ ದಿನ ತಮ್ಮ ಮೆರವಣಿಗೆ ನಡೆಸಿದ್ದಾರೆ. ಬೀದಿಯಲ್ಲಿ ತಮಗೂ ಜಾಗವಿದೆ ಎಂದು ಹೇಳಲು ಇದಕ್ಕಿಂತ ತಕ್ಕ ದಿನ ಅವರಿಗೆ ಸಿಗುತ್ತಿರಲಿಲ್ಲ.

ಭಾದ್ರಪದ ಶುದ್ಧ ತದಿಗೆ ನಮಗೆ ಸ್ವರ್ಣಗೌರಿ. ನೇಪಾಳದಲ್ಲಿ ಅದೇ ದಿನ ತೀಜ್. ಹಿಂದಿನ ರಾತ್ರಿ ದರ್ ಎಂಬ ಭೂರಿ ಊಟ, ಮರುದಿನ ನೀರನ್ನೂ ಮುಟ್ಟದ ಉಪವಾಸ. ಕೆಂಪು ಸೀರೆಯ ಹೆಂಗಸರ ಸಾಲು ಪಶುಪತಿನಾಥನ ಬಾಗಿಲಿನಿಂದ ಬಹುದೂರ ಬೆಳೆಯುತ್ತದೆ. ತವರಿಗೆ ಬಂದ ಹೆಣ್ಣುಮಕ್ಕಳು ಕೂಡಿ ಹಾಡು ಕಟ್ಟುತ್ತಾರೆ. ಅತ್ತೆಮನೆಯ ದುಡಿತ, ಕುಡಿಯುವ ಗಂಡ, ಅಣ್ಣತಮ್ಮಂದಿರಿಗೆ ಮಾತ್ರ ಸಿಕ್ಕ ಓದು, ಎಲ್ಲವೂ ಆ ಹಾಡುಗಳಿಗೆ ಬರುತ್ತವೆ. ಗಂಡನ ಆಯುಸ್ಸಿಗಾಗಿ ವ್ರತ ಹಿಡಿದ ದಿನವೇ ಹೆಣ್ಣು ತನ್ನ ಮಾತನ್ನೂ ಎತ್ತುತ್ತಾಳೆ. ವ್ರತವನ್ನಷ್ಟೇ ಕಂಡು ಹಾಡನ್ನು ಕೇಳದವರಿಗೆ ತೀಜ್ ಅರ್ಧವೇ ತಿಳಿಯುತ್ತದೆ.

4. ಕುಮಾರಿ, ತಲೇಜು ಮತ್ತು ಅರಸೊತ್ತಿಗೆ

ಭಾದ್ರಪದದ ಕೊನೆಗೆ ಕಾಠ್ಮಂಡುವಿನ ಇಂದ್ರಜಾತ್ರೆ. ತಾಯಿಗಾಗಿ ಪಾರಿಜಾತ ಕೀಳಲು ಇಳಿದು ಬಂದ ಇಂದ್ರನನ್ನು ಊರವರು ಕಳ್ಳನೆಂದು ಕಟ್ಟಿಹಾಕಿದರಂತೆ. ತಾಯಿ ಬಂದು, ಬೆಳೆಗೆ ಬೇಕಾದ ಇಬ್ಬನಿಯನ್ನು ಕೊಡುವುದಾಗಿ ಒಪ್ಪಿ ಬಿಡಿಸಿಕೊಂಡು ಹೋದಳು. ಹಬ್ಬದ ಕಂಬವನ್ನು ಕಾಡಿನಿಂದ ತಂದು ಹನುಮಾನ್ ಢೋಕಾ ಅರಮನೆಯ ಮುಂದೆ ನಿಲ್ಲಿಸುವ ಹೊಣೆ ಗಾಣದ ಕಸುಬಿನ ಮಾನಂಧರರದು. ಬಿಳಿ ಭೈರವನ ದೊಡ್ಡ ಮುಖವನ್ನು ವರ್ಷಕ್ಕೊಮ್ಮೆ ಈ ದಿನಗಳಲ್ಲಿ ತೆರೆಯುತ್ತಾರೆ. ಅವನ ಬಾಯಿಂದ ಸುರಿಯುವ ಅಕ್ಕಿಯ ಮದ್ಯಕ್ಕೆ ಹುಡುಗರು ಮುಗಿಬೀಳುತ್ತಾರೆ. ಲಾಖೆ ಎಂಬ ರಕ್ಕಸವೇಷ ತಮಟೆಯ ತಾಳಕ್ಕೆ ಕುಣಿಯುತ್ತದೆ.

ಈ ಹಬ್ಬದ ನಡುವೆ ಬರುವುದು ಕುಮಾರಿಯ ತೇರು. ಕುಮಾರಿ ಬೌದ್ಧ ಶಾಕ್ಯ ಮನೆತನದ ಪುಟ್ಟ ಹುಡುಗಿ. ಅವಳಲ್ಲಿ ಹಿಂದೂ ಅರಸರ ಕುಲದೇವತೆ ತಲೇಜು ನೆಲೆಸಿರುವಳೆಂದು ನಂಬಿಕೆ. ಅರಸನಾದವನು ವರ್ಷಕ್ಕೊಮ್ಮೆ ಅವಳ ಮುಂದೆ ತಲೆ ಬಾಗಿಸಿ ಹಣೆಗೆ ತಿಲಕ ಪಡೆಯಬೇಕಾಗಿತ್ತು. 1768ರ ಇಂದ್ರಜಾತ್ರೆಯ ದಿನವೇ ಗೋರ್ಖಾದ ಪೃಥ್ವಿನಾರಾಯಣ ಶಾಹ ಕಾಠ್ಮಂಡುವನ್ನು ಗೆದ್ದ. ಮಲ್ಲ ಅರಸ ಜಯಪ್ರಕಾಶ ಓಡಿಹೋದ, ಗೆದ್ದವನು ಹಬ್ಬವನ್ನು ನಿಲ್ಲಿಸದೆ ಮುಂದುವರಿಸಿದ. ಎರಡೂವರೆ ಶತಮಾನದ ಹೊತ್ತಿಗೆ ಶಾಹರ ಸರದಿಯೂ ಮುಗಿಯಿತು. 2008ರ ಮೇ 28ರಂದು ನೇಪಾಳ ಗಣರಾಜ್ಯವಾಯಿತು. ಆ ವರ್ಷದ ಇಂದ್ರಜಾತ್ರೆಗೆ ಕುಮಾರಿಯ ಎದುರು ಬಂದವರು ದೇಶದ ಮೊದಲ ರಾಷ್ಟ್ರಪತಿ ರಾಮ್ ಬರಣ್ ಯಾದವ್. ಅದೇ ವರ್ಷ ಮಾವೋವಾದಿ ನೇತೃತ್ವದ ಸರಕಾರ ಹಬ್ಬದ ಬಲಿಯ ವೆಚ್ಚವನ್ನು ಕಡಿತ ಮಾಡಿದಾಗ ನೇವಾರರು ಬೀದಿಗಿಳಿದರು, ಸರಕಾರ ಹಿಂದೆ ಸರಿಯಿತು. ಅದೇ ವರ್ಷ ಸುಪ್ರೀಂ ಕೋರ್ಟ್, ಕುಮಾರಿಗೆ ಓದುವ ಹಕ್ಕಿದೆ ಎಂದು ತೀರ್ಪು ಕೊಟ್ಟಿತು. ಹಬ್ಬ ಮುಂದುವರಿಯಿತು, ಮಗುವಿನ ಹಕ್ಕೂ ಒಳಗೆ ಬಂತು. ಇದು ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ.

ತಲೇಜುವಿನ ಮಾತು ಬಂದಾಗ ಕನ್ನಡಿಗರು ಕಿವಿ ನಿಮಿರಿಸಬೇಕು. 1097ರ ಸುಮಾರಿಗೆ ನಾನ್ಯದೇವನೆಂಬವನು ತರಾಯಿಯ ಸಿಮ್ರೌನಗಢದಿಂದ ಮಿಥಿಲೆಯನ್ನು ಆಳತೊಡಗಿದ. ಅವನ ವಂಶ ತನ್ನನ್ನು ಕರ್ಣಾಟ ವಂಶವೆಂದೇ ಕರೆದುಕೊಂಡಿತು. ಕಲ್ಯಾಣದ ಚಾಲುಕ್ಯರ ದಂಡಯಾತ್ರೆಗಳ ಕಾಲದಲ್ಲಿ ಉತ್ತರಕ್ಕೆ ಹೋದ ದಂಡನಾಯಕರ ಪೀಳಿಗೆ ಅದು ಎಂಬುದು ಅನೇಕ ಇತಿಹಾಸಕಾರರ ಊಹೆ. ಆ ವಂಶದ ಹರಿಸಿಂಹದೇವ ದೆಹಲಿಯ ತುಘಲಕ್ ಸೇನೆಗೆ ಸೋತು 1320ರ ದಶಕದಲ್ಲಿ ಬೆಟ್ಟದ ಕಡೆಗೆ ಓಡಿದ. ಅವನ ರಾಣಿ ದೇವಲದೇವಿ ಭಕ್ತಪುರದಲ್ಲಿ ಆಶ್ರಯ ಪಡೆದಳು. ಅವಳ ಮೊಮ್ಮಗಳು ರಾಜಲ್ಲದೇವಿಯ ಕೈ ಹಿಡಿದವನೇ ಪ್ರಸಿದ್ಧ ಅರಸ ಜಯಸ್ಥಿತಿ ಮಲ್ಲ. ತಲೇಜುವನ್ನು ತಂದದ್ದು ಹರಿಸಿಂಹದೇವನ ಪರಿವಾರ ಎಂಬ ಐತಿಹ್ಯ ಕಣಿವೆಯಲ್ಲಿ ಇಂದಿಗೂ ಇದೆ.

ಕಾಠ್ಮಂಡುವಿನ ತಲೇಜು ಗುಡಿ ಜನಸಾಮಾನ್ಯರಿಗೆ ತೆರೆಯುವುದು ವರ್ಷಕ್ಕೆ ಒಂದೇ ದಿನ, ದಸೈಂ ಹಬ್ಬದ ನವಮಿಯಂದು. ದಸೈಂ ನೇಪಾಳದ ಅತಿ ದೊಡ್ಡ ಹಬ್ಬ. ಮೊದಲ ದಿನ ಘಟಸ್ಥಾಪನೆ. ಕತ್ತಲ ಕೋಣೆಯಲ್ಲಿ ಮರಳಿನ ಮೇಲೆ ಜವೆಗೋಧಿ ಬಿತ್ತುತ್ತಾರೆ. ಬಿಸಿಲು ಕಾಣದೆ ಹಳದಿಯಾಗಿ ಬೆಳೆದ ಆ ಸಸಿಗೆ ಜಮರಾ ಎಂದು ಹೆಸರು. ಉತ್ತರ ಕರ್ನಾಟಕದಲ್ಲಿ ನವರಾತ್ರಿಗೆ ಘಟ್ಟ ಹಾಕುವ ಮನೆಗಳವರಿಗೆ ಇದನ್ನು ವಿವರಿಸಬೇಕಿಲ್ಲ. ಏಳನೆಯ ದಿನ ಫೂಲ್‌ಪಾತಿ. ಶಾಹರ ಮೂಲಸ್ಥಾನವಾದ ಗೋರ್ಖಾದಿಂದ ಹೂ-ಎಲೆಗಳ ಪಲ್ಲಕ್ಕಿ ಬಂದು ಹನುಮಾನ್ ಢೋಕಾ ಸೇರುತ್ತದೆ. ದೊರೆ ಇಲ್ಲದ ಮೇಲೂ ಅದು ಬರುತ್ತಿದೆ. ಅಷ್ಟಮಿ ನವಮಿಗಳಂದು ಕುರಿ, ಕೋಣಗಳ ಬಲಿ. ಇದರ ವಿರುದ್ಧದ ದನಿ ನೇಪಾಳದೊಳಗೇ ಎದ್ದಿದೆ. ದಶಮಿಯಿಂದ ಹುಣ್ಣಿಮೆಯವರೆಗೆ ಟೀಕಾ. ಅಕ್ಕಿ, ಮೊಸರು, ಕುಂಕುಮ ಕಲಸಿ ಹಿರಿಯರು ಕಿರಿಯರ ಹಣೆಗೆ ಒತ್ತಿ, ಕಿವಿಗೆ ಜಮರಾ ಸಿಕ್ಕಿಸಿ ಹರಸುತ್ತಾರೆ. ಕೊಲ್ಲಿ ದೇಶಗಳಲ್ಲಿ, ಮಲೇಷ್ಯಾದಲ್ಲಿ, ಭಾರತದಲ್ಲಿ ದುಡಿಯುವ ಮಕ್ಕಳು ಮನೆಗೆ ಬರುವುದು ಈ ಟೀಕೆಗಾಗಿ. ಬೆಂಗಳೂರಿನ ಹೋಟೆಲುಗಳಲ್ಲಿ, ಅಪಾರ್ಟ್‌ಮೆಂಟುಗಳ ಕಾವಲಿನಲ್ಲಿ ದುಡಿಯುವ ನೇಪಾಳಿಗಳು ದಸರೆಗೆ ರಜೆ ಕೇಳಿದಾಗ ಏನನ್ನು ಕೇಳುತ್ತಿದ್ದಾರೆಂದು ಅವರ ಯಜಮಾನರಿಗೆ ಗೊತ್ತಿರಬೇಕು.

ದಸೈಂ ಎಲ್ಲರಿಗೂ ಒಪ್ಪಿತವಾದ ಹಬ್ಬ ಎಂದರೆ ಅದು ಸತ್ಯವಾಗುವುದಿಲ್ಲ. ಇದು ಗೆದ್ದ ರಾಜ್ಯ ನಮ್ಮ ಮೇಲೆ ಹೇರಿದ ಹಬ್ಬ ಎಂದು 1990ರ ನಂತರ ಜನಜಾತಿ ಸಂಘಟನೆಗಳು ಬಹಿಷ್ಕಾರಕ್ಕೆ ಕರೆ ಕೊಟ್ಟವು. ಆ ಮಾತಿನಲ್ಲಿ ಇತಿಹಾಸವಿದೆ, ಕೇಳಬೇಕು.

5. ಬೆಳಕಿನ ಐದು ದಿನ

ದಸೈಂ ಮುಗಿದು ಸುಮಾರು ಎರಡು ವಾರಕ್ಕೆ ತಿಹಾರ್. ಮೊದಲ ದಿನ ಕಾಗೆಗೆ ಅನ್ನ. ಎರಡನೆಯ ದಿನ ನಾಯಿಗೆ ಹಾರ, ಹಣೆಗೆ ತಿಲಕ, ಒಳ್ಳೆಯ ಊಟ. ಬೀದಿನಾಯಿಗೂ ಆ ದಿನ ಪಾಲಿದೆ, ಪೊಲೀಸರು ತಮ್ಮ ಪತ್ತೇದಾರಿ ನಾಯಿಗಳನ್ನೂ ಪೂಜಿಸುತ್ತಾರೆ. ಮೂರನೆಯ ದಿನ ಹಸುವಿಗೆ, ಸಂಜೆ ಲಕ್ಷ್ಮಿಗೆ. ನಾಲ್ಕನೆಯ ದಿನ ಎತ್ತಿಗೆ. ಅಂದೇ ನೇವಾರರ ಮನೆಯಲ್ಲಿ ಮ್ಹ ಪೂಜಾ. ಮನೆಯ ಪ್ರತಿಯೊಬ್ಬರಿಗೂ ನೆಲದ ಮೇಲೆ ಒಂದೊಂದು ಮಂಡಲ ಬರೆದು, ಅವರವರ ದೇಹವನ್ನೇ ಪೂಜಿಸುತ್ತಾರೆ. ದೂರದೇಶದಲ್ಲಿರುವವರ ಹೆಸರಿಗೂ ಮಂಡಲ ಇರುತ್ತದೆ.

ಐದನೆಯ ದಿನ ಭಾಯಿಟೀಕಾ. ಅಕ್ಕ ತಂಗಿಯರು ಸೋದರನ ಸುತ್ತ ಎಣ್ಣೆಯ ಗೆರೆ ಎಳೆದು ಯಮನಿಗೆ ತಡೆಯೊಡ್ಡುತ್ತಾರೆ. ಹೊಸ್ತಿಲಲ್ಲಿ ಅಕ್ರೋಟು ಒಡೆಯುತ್ತಾರೆ. ಹಣೆಯ ಮೇಲೆ ಏಳು ಬಣ್ಣದ ಟೀಕೆ ಇಡುತ್ತಾರೆ. ಬೇಗ ಬಾಡದ ಮಖಮಲಿ ಹೂವಿನ ಹಾರ ಹಾಕುತ್ತಾರೆ. ಒಡಹುಟ್ಟಿದವರು ಇಲ್ಲದವರ ಗತಿ? ಕಾಠ್ಮಂಡುವಿನ ನಡುವೆ ರಾಣಿಪೋಖರಿ ಎಂಬ ಕೆರೆಯಿದೆ. ಮಗನನ್ನು ಕಳೆದುಕೊಂಡ ರಾಣಿಗಾಗಿ ಪ್ರತಾಪ ಮಲ್ಲ 1670ರಲ್ಲಿ ಕಟ್ಟಿಸಿದ್ದು. ಕೆರೆಯ ನಡುವಿನ ಗುಡಿಯ ಬಾಗಿಲು ಭಾಯಿಟೀಕೆಯ ದಿನ ತೆರೆಯುತ್ತದೆ. ಒಡಹುಟ್ಟಿದವರಿಲ್ಲದವರು ಅಲ್ಲಿಗೆ ಹೋಗಿ, ಪರಿಚಯವಿಲ್ಲದವರಿಂದ ಟೀಕೆ ಪಡೆಯಬಹುದು. ಯಾರೂ ಹಬ್ಬದ ಹೊರಗೆ ಉಳಿಯಬಾರದು ಎಂದು ಊರೇ ಮಾಡಿಟ್ಟಿರುವ ಏರ್ಪಾಟು ಇದು.

6. ಬಯಲು, ಬೆಟ್ಟ, ಪಶುಪತಿ

ತಿಹಾರ್ ಮುಗಿದ ವಾರದೊಳಗೆ ತರಾಯಿಯಲ್ಲಿ ಛಠ್. ಜನಕಪುರದ ಕೆರೆಗಳ ನೀರಿನಲ್ಲಿ ಸೊಂಟದವರೆಗೆ ನಿಂತು ಮೊದಲು ಮುಳುಗುವ ಸೂರ್ಯನಿಗೆ, ಮರುದಿನ ಹುಟ್ಟುವ ಸೂರ್ಯನಿಗೆ ಅರ್ಘ್ಯ ಕೊಡುತ್ತಾರೆ. ಮಾರ್ಗಶಿರದ ಪಂಚಮಿಗೆ ಅದೇ ಊರಿನಲ್ಲಿ ಸೀತಾರಾಮರ ಮದುವೆಯ ಉತ್ಸವ. ಆ ತಿಂಗಳ ಹುಣ್ಣಿಮೆಗೆ ನೇವಾರರ ಯೋಮರಿ: ಹೊಸ ಅಕ್ಕಿಹಿಟ್ಟಿನೊಳಗೆ ಬೆಲ್ಲದ ಪಾಕ ತುಂಬಿ ಆವಿಯಲ್ಲಿ ಬೇಯಿಸಿದ, ನಮ್ಮ ಕಡುಬಿನ ಸೋದರನಂಥ ತಿನಿಸು. ಪೂರ್ವದ ಬೆಟ್ಟಗಳಲ್ಲಿ ರಾಯಿ, ಲಿಂಬು ಮೊದಲಾದ ಕಿರಾತರು ಬೇಸಗೆಯ ಮೊದಲಿಗೆ ಉಭೌಲಿ, ಚಳಿಯ ಮೊದಲಿಗೆ ಉಧೌಲಿ ಆಚರಿಸುತ್ತಾರೆ. ಹಕ್ಕಿಗಳು ಮೇಲಕ್ಕೆ ಹೋಗುವ, ಕೆಳಕ್ಕೆ ಇಳಿಯುವ ಕಾಲದ ಲೆಕ್ಕ ಅದು. ಹೊಸ ವರ್ಷದ ಲ್ಹೋಸಾರ್ ಗುರುಂಗರಿಗೆ ಪುಷ್ಯದಲ್ಲಿ, ತಮಾಂಗರಿಗೆ ಮಾಘದಲ್ಲಿ, ಶೆರ್ಪಾಗಳಿಗೆ ಫಾಲ್ಗುನದಲ್ಲಿ.

ಮಕರ ಸಂಕ್ರಾಂತಿ ತರಾಯಿಯ ಥಾರುಗಳಿಗೆ ಮಾಘಿ, ಅವರ ಹೊಸ ವರ್ಷ. ಊರಿನ ಮುಖಂಡನನ್ನು ಅವರು ಆರಿಸುವುದು ಈ ಹಬ್ಬದಲ್ಲೇ. ಕಾಲುವೆ, ದಾರಿ, ದುಡಿಮೆಯ ಪಾಲುಗಳೆಲ್ಲ ಆಗ ತೀರ್ಮಾನವಾಗುತ್ತವೆ. ಇದೇ ಹಬ್ಬಕ್ಕೆ ಕಹಿಯ ಮುಖವೂ ಇತ್ತು. ದಾಂಗ್, ಬಾಂಕೆ, ಬರ್ದಿಯಾ, ಕೈಲಾಲಿ, ಕಂಚನಪುರ ಜಿಲ್ಲೆಗಳಲ್ಲಿ ಸಾಲಕ್ಕೆ ಸಿಕ್ಕಿದ ಥಾರು ಜೀತದಾಳುಗಳ, ಅಂದರೆ ಕಮೈಯಾಗಳ, ವರ್ಷದ ಕರಾರು ಮುಗಿದು ಹೊಸದಾಗುತ್ತಿದ್ದುದು ಮಾಘಿಯಂದು. ಹೆಣ್ಣುಮಕ್ಕಳನ್ನು ಪರರ ಮನೆಯ ಚಾಕರಿಗೆ ಕಳಿಸುತ್ತಿದ್ದುದೂ ಅಂದೇ. ಥಾರುಗಳ ಹೋರಾಟದ ಫಲವಾಗಿ 2000ದ ಜುಲೈ 17ರಂದು ಸರಕಾರ ಕಮೈಯಾಗಳನ್ನು ಮುಕ್ತರೆಂದು ಸಾರಿತು. ಹಬ್ಬ ಹೊಣೆ ಹಂಚುತ್ತದೆ ಎಂದು ಹೊಗಳುವವರು ಇದನ್ನು ಮರೆಯಬಾರದು. ಹೊಣೆಯನ್ನು ಹೊತ್ತವನು ಮನಸಾರೆ ಹೊತ್ತನೆ, ಹೊರಿಸಲಾಯಿತೆ ಎಂದು ಪ್ರತಿ ಬಾರಿಯೂ ಕೇಳಬೇಕು.

ಶಿವರಾತ್ರಿಗೆ ಪಶುಪತಿನಾಥದಲ್ಲಿ ಭಾರತ, ನೇಪಾಳಗಳ ಸಾಧುಗಳ ಧುನಿಗಳು ಉರಿಯುತ್ತವೆ. ನೇಪಾಳಿ ಸೇನೆಯ ದಿನವೂ ಅದೇ. ಗರ್ಭಗುಡಿಯಲ್ಲಿ ಪೂಜೆ ಮಾಡುವವರು ದಕ್ಷಿಣದಿಂದ, ಬಹುಪಾಲು ಕರ್ನಾಟಕದಿಂದ ಹೋದ ಭಟ್ಟರು. ಲಿಂಗವನ್ನು ಮುಟ್ಟುವ ಅಧಿಕಾರ ಅವರದು. ಅವರಿಗೆ ನೆರವಾಗುವ, ಭಂಡಾರ ಕಾಯುವ ಹೊಣೆ ನೇವಾರ ಭಂಡಾರಿಗಳದು. 2009ರ ಹೊತ್ತಿಗೆ ಈ ಏರ್ಪಾಟು ವಿವಾದಕ್ಕೆ ಬಂತು, ನೇಪಾಳಿ ಅರ್ಚಕರನ್ನೇ ನೇಮಿಸಬೇಕೆಂದು ಸರಕಾರ ಹೊರಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಹಳೆಯ ಪದ್ಧತಿಯೇ ಉಳಿಯಿತು. ನಮ್ಮ ಊರುಗಳ ವೈದಿಕರಿಗೆ ದೂರದ ದೇಶವೊಂದು ತನ್ನ ಮುಖ್ಯ ದೇವರನ್ನು ಒಪ್ಪಿಸಿದೆ. ಇದು ಹೆಮ್ಮೆಗಿಂತ ಮೊದಲು ಹೊಣೆ.

ವರ್ಷ ಮುಗಿಯುವ ಮೊದಲು ಫಾಗು, ಅಂದರೆ ಹೋಳಿ, ಬರುತ್ತದೆ, ಬೆಟ್ಟದಲ್ಲಿ ಒಂದು ದಿನ, ತರಾಯಿಯಲ್ಲಿ ಮರುದಿನ. ಚೈತ್ರದ ಅಮಾವಾಸ್ಯೆಗೆ ಟುಂಡಿಖೇಲ್ ಮೈದಾನದಲ್ಲಿ ಕುದುರೆಗಳ ಘೋಡೆಜಾತ್ರೆ. ಇವುಗಳ ನಡುವೆ ರಾಷ್ಟ್ರೀಯ ದಿನಗಳು: 1951ರಲ್ಲಿ ರಾಣಾ ಆಡಳಿತ ಕೊನೆಗೊಂಡ ನೆನಪಿಗೆ ಪ್ರಜಾತಂತ್ರ ದಿನ, 2006ರ ಜನಾಂದೋಲನದ ನೆನಪಿಗೆ ಲೋಕತಂತ್ರ ದಿನ, ಜ್ಯೇಷ್ಠ 15ಕ್ಕೆ ಗಣತಂತ್ರ ದಿನ, ಆಶ್ವಿನ 3ಕ್ಕೆ 2015ರ ಸಂವಿಧಾನದ ದಿನ. ಈ ದಿನಗಳಲ್ಲಿ ಪ್ರಭುತ್ವ ವೇದಿಕೆಯ ಮೇಲಿರುತ್ತದೆ, ಜನ ಕೆಳಗಿರುತ್ತಾರೆ. ಜಾತ್ರೆಯ ದಿನ ತೇರು ಜನರ ಕೈಯಲ್ಲಿ, ಪ್ರಭುತ್ವ ಕೆಳಗೆ ನಿಂತು ನೋಡುತ್ತದೆ. ಒಂದು ನಾಡಿಗೆ ಎರಡೂ ಬೇಕು.

7. ಗುಠಿ ಎಂಬ ಬೇರು

ಇಷ್ಟೆಲ್ಲ ನಡೆಯುವುದು ಯಾರ ಖರ್ಚಿನಲ್ಲಿ? ಉತ್ತರ ಗುಠಿ. ದೇವರ ಹೆಸರಿಗೆ, ಒಂದು ನಿಶ್ಚಿತ ಕಾರ್ಯಕ್ಕೆ ಭೂಮಿ ಬಿಡುವುದು, ಅದನ್ನು ಮಾರದಂತೆ ಕಟ್ಟುಪಾಡು ಹಾಕುವುದು, ಹುಟ್ಟುವಳಿಯಿಂದ ಪೂಜೆ, ತೇರು, ದೀಪ, ಊಟ ನಡೆಸುವುದು. ನಡೆಸುವವರು ಮನೆತನಗಳ ಕೂಟ, ಸರದಿಯ ಮೇಲೆ. ಒಂದು ಗುಠಿಗೆ ಹೆಣ ಹೊರುವ ಕೆಲಸ, ಇನ್ನೊಂದಕ್ಕೆ ಒಂದು ವಾದ್ಯ ನುಡಿಸುವ ಕೆಲಸ, ಮತ್ತೊಂದಕ್ಕೆ ಒಂದು ಕುಣಿತ ಕಲಿಸುವ ಕೆಲಸ. ನಮ್ಮ ಶಾಸನಗಳಲ್ಲಿ ದೇವರ ನಂದಾದೀಪಕ್ಕೆ, ಅಂಗಭೋಗ ರಂಗಭೋಗಕ್ಕೆ ಬಿಟ್ಟ ದತ್ತಿಗಳನ್ನು ಓದಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

1964ರಲ್ಲಿ ಸರಕಾರ ಗುಠಿ ಸಂಸ್ಥಾನವನ್ನು ಸ್ಥಾಪಿಸಿ ಬಹಳಷ್ಟು ಗುಠಿ ಭೂಮಿಯನ್ನು ತನ್ನ ಆಡಳಿತಕ್ಕೆ ತಂದಿತು. 2019ರಲ್ಲಿ ಎಲ್ಲ 
ಗುಠಿಗಳನ್ನೂ ಒಂದು ಪ್ರಾಧಿಕಾರದ ಕೆಳಗೆ ತರುವ ಮಸೂದೆ ಬಂದಾಗ ಜನ ಎದ್ದರು. ಆ ಜೂನಿನಲ್ಲಿ ಕಾಠ್ಮಂಡುವಿನ ಮೈತಿಘರ್ ವೃತ್ತದಲ್ಲಿ ಸಾವಿರಾರು ಮಂದಿ ತಮ್ಮ ವಾದ್ಯ, ಉಡುಪುಗಳೊಂದಿಗೆ ಸೇರಿದರು. ಸರಕಾರ ಮಸೂದೆಯನ್ನು ಹಿಂತೆಗೆದುಕೊಂಡಿತು. ಗುಠಿ ಭೂಮಿಯನ್ನು ತಲೆಮಾರುಗಳಿಂದ ಉಳುತ್ತ ಹಕ್ಕುಪತ್ರವಿಲ್ಲದೆ ಉಳಿದ ರೈತರ ಅಳಲೂ ಅಷ್ಟೇ ನಿಜ. ಹಬ್ಬವನ್ನು ಉಳಿಸಬೇಕು, ಅದರ ಅಕ್ಕಿ ಬೆಳೆಯುವವನನ್ನೂ ಉಳಿಸಬೇಕು. ಎರಡನೆಯದನ್ನು ಬಿಟ್ಟರೆ ಮೊದಲನೆಯದಕ್ಕೆ ಧರ್ಮದ ಬಲ ಇರುವುದಿಲ್ಲ.

ಕೊನೆಯದಾಗಿ, ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ನಿಮ್ಮ ಊರಿನ ಜಾತ್ರೆಗೆ ಹೋದಾಗ ದೇವರ ದರ್ಶನವಾದ ಮೇಲೆ ಅಷ್ಟಕ್ಕೇ ಹಿಂದಿರುಗಬೇಡಿ. ತೇರಿನ ಗಾಲಿಗೆ ಅಡ್ಡಕೊಡುವವರು ಯಾರು, ಹಗ್ಗ ಯಾರ ಮನೆಯದು, ಪಂಜಿನ ಎಣ್ಣೆಗೆ ಹಿಂದೆ ಯಾವ ಹೊಲವಿತ್ತು, ಈಗ ಆ ಹೊಲ ಏನಾಗಿದೆ ಎಂದು ಕೇಳಿ. ಯಾರಿಗೆ ಹೊಣೆ ಸಿಕ್ಕಿದೆ, ಯಾರನ್ನು ಹೊರಗಿಟ್ಟಿದ್ದಾರೆ ಎಂಬುದನ್ನೂ ಕೇಳಿ. ಕೇಳಿದ್ದನ್ನು ಬರೆದಿಡಿ. ದತ್ತಿಗಳನ್ನು ನಡೆಸುವ ಹಿರಿಯರಿಗೂ ಒಂದು ಮಾತು: ಭೋಟೊ ಜಾತ್ರೆಯಲ್ಲಿ ಅಂಗಿಯನ್ನು ನಾಲ್ಕು ದಿಕ್ಕಿಗೆ ತೋರಿಸುವ ಹಾಗೆ, ನಮ್ಮ ವಶದಲ್ಲಿರುವ ಸ್ವತ್ತಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಜನರ ಮುಂದೆ ಇಡೋಣ. ಹಾಗೆ ಇಟ್ಟ ದತ್ತಿಯೇ ಮುಂದಿನವರಿಗೂ ಉಳಿಯುತ್ತದೆ.